ಐದು ಸೆಕೆಂಡಿನ ಬಿಡುವು

ನಾನು ಕನ್ನಡದ ಪಾದ್ರಿ. ಕೊಯಮತ್ತೂರಿನಲ್ಲಿ ನಮ್ಮ ಸಭೆಯ ಮಾಧ್ಯಮ ಕೇಂದ್ರ ನೋಡಿಕೊಳ್ಳುತ್ತೇನೆ. ಅಂದರೆ ತಮಿಳಿನಲ್ಲಿ ಚರ್ಚಿನ ಬಲಿಪೂಜೆಯ ನೇರ ಪ್ರಸಾರ, ಪ್ರವಚನದ ವಿಡಿಯೋ, ಮೊಬೈಲಿನಲ್ಲಿ ಕೇಳುವ ಪ್ರಾರ್ಥನೆ. ಮಿಷನರಿಯಾಗಬೇಕೆಂದು ಮನೆ ಬಿಟ್ಟವನು ಈಗ ಬೆಳಿಗ್ಗೆ ಎದ್ದ ಕೂಡಲೇ ನೋಡುವುದು ನಿನ್ನೆಯ ವಿಡಿಯೋ ಎಷ್ಟು ಜನ ನೋಡಿದರು ಎಂದು. ನಾಚಿಕೆಯಾಗಬೇಕು. ಆಗುವುದಿಲ್ಲ.

ಊರಿನ ಗಣಪತಿ ಎಂಬ ಬಡಾವಣೆಯಲ್ಲಿ ಮಂಡ್ಯದ ಕಡೆಯಿಂದ ಬಂದ ಒಂದು ಕ್ರೈಸ್ತ ಕುಟುಂಬವಿತ್ತು. ಮಗನಿಗೆ ಪಂಪ್ ವರ್ಕ್‌ಶಾಪಿನಲ್ಲಿ ಕೆಲಸ. ಅವನ ತಾಯಿ ಹಾಸಿಗೆ ಹಿಡಿದಿದ್ದರು. ಅಲ್ಲಿಯ ತಮಿಳು ಗುರುಗಳು ಮನೆಗೇ ಬಂದು ಪರಮಪ್ರಸಾದ ಕೊಡುತ್ತಿದ್ದರು. ಪಾಪನಿವೇದನೆಗೆ ಮಾತ್ರ ಆ ತಾಯಿ ಒಪ್ಪಲಿಲ್ಲ. "ತಮಿಳಲ್ಲಿ ಸೊಪ್ಪು ಕೊಳ್ಬೋದು, ಪಾಪ ಹೇಳಕ್ಕಾಯ್ತದಾ?" ಎಂದರಂತೆ. ಸೊಸೆ ನನಗೆ ಫೋನ್ ಮಾಡಿದರು.

"ಒಂದ್ಸಲ ಬಂದ್ಹೋಗಿ ಸ್ವಾಮಿ. ಅತ್ತೆ ಏನೋ ಹೇಳ್ಕೋಬೇಕಂತೆ."

ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಆದರೆ ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲ, ನಮ್ಮಂಥವರಿಗೆ ಸುಗ್ಗಿ. ದಿನಕ್ಕೊಂದು ಧ್ಯಾನ ರೆಕಾರ್ಡ್ ಆಗಬೇಕಿತ್ತು. "ಈ ವಾರ ಆಗಲ್ಲಮ್ಮ, ಬರ್ತೀನಿ" ಎಂದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ಮೂರನೆಯ ಸಲ ಅವರು ಕರೆ ಮಾಡಿದಾಗ, ಸಮಾಧಾನಕ್ಕಿರಲಿ ಎಂದು ಒಂದು ಆಡಿಯೋ ವಾಟ್ಸಾಪಿನಲ್ಲಿ ಕಳಿಸಿ, ಇದನ್ನು ಕೇಳಿಸಿ ಎಂದು ಬರೆದೆ.

ಇಲ್ಲಿರುವ ಕನ್ನಡಿಗರಿಗಾಗಿ ನಾನೇ ಮಾಡಿದ್ದ ಆಡಿಯೋ ಅದು, ಪಾಪನಿವೇದನೆಗೆ ಸಿದ್ಧತೆ. ನಾನು ಒಂದೊಂದಾಗಿ ಪ್ರಶ್ನೆ ಕೇಳುತ್ತೇನೆ, ಕೇಳುಗರು ಮನಸ್ಸಿನಲ್ಲೇ ಹುಡುಕಿಕೊಳ್ಳಲೆಂದು ಸ್ವಲ್ಪ ಬಿಡುವು ಕೊಡುತ್ತೇನೆ. ಮೊದಲು ಅರ್ಧ ನಿಮಿಷ ಬಿಟ್ಟಿದ್ದೆ. ಕೇಳಿ ನೋಡಿದರೆ ನನಗೇ ಬೇಜಾರು. ಇಷ್ಟು ಹೊತ್ತು ಸುಮ್ಮನಿದ್ದರೆ ಜನ ಎದ್ದು ಹೋಗುತ್ತಾರೆಂದು ಎಲ್ಲವನ್ನೂ ಐದು ಸೆಕೆಂಡಿಗೆ ಕತ್ತರಿಸಿದೆ. ಚೆನ್ನಾಗಿ ಓಡಿತು. ಮೇಲಿನವರು ಹೊಗಳಿದರು, ನಾನೂ ಉಬ್ಬಿದೆ.

ಕೊನೆಗೆ ಬಿಡುವು ಮಾಡಿಕೊಂಡು ಹೋದ ದಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಆ ತಾಯಿ ಬೆಳಿಗ್ಗೆಯೇ ಹೋಗಿಬಿಟ್ಟಿದ್ದರು. ಸೊಸೆ ನನ್ನನ್ನು ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕೈಮುಗಿದರು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಸ್ವಾಮಿ. ಅತ್ತೆ ನೀವೇ ಫೋನಲ್ಲಿ ಮಾತಾಡ್ತಿದೀರಿ ಅಂದ್ಕೊಂಡ್ರು. ರೆಕಾರ್ಡು ಅಂತ ನಾನೂ ಹೇಳ್ಲಿಲ್ಲ. ಪಾಪನಿವೇದನೆ ಕೇಳಿಸ್ಕೋಬಾರ್ದು ಅಂತ ಆಚೆ ನಿಂತೆ. ಬಾಗ್ಲು ಪೂರ್ತಿ ಹಾಕಕ್ಕಾಗಲ್ಲ, ಕಿವಿಗೆ ಬಿತ್ತು."

ಎದುರಿಗೆ ಗುರು ಕುಳಿತು, ಕೇಳಿ, ಕ್ಷಮೆ ನುಡಿಯದಿದ್ದರೆ ಅದು ಪಾಪನಿವೇದನೆಯಲ್ಲ ಎಂದು ಆಕೆಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಇವತ್ತಿಗೂ ಹೇಳಿಲ್ಲ. ಆಕೆಯೇ ಮುಂದುವರಿಸಿದರು.

"ಒಡಹುಟ್ಟಿದವರಿಗೆ ಅನ್ಯಾಯ ಮಾಡಿದ್ದೀರಾ ಅಂತ ನೀವು ಕೇಳ್ದಾಗ, 'ಮಾಡಿವ್ನಿ ಸ್ವಾಮಿ, ನನ್ ತಂಗೀಗೆ' ಅಂತ ಶುರು ಮಾಡಿದ್ರು. ಅಷ್ಟ್ರಲ್ಲಿ ನೀವು ಮುಂದಿನ್ದು ಕೇಳ್ಬಿಟ್ರಿ. 'ತಾಳಿ ಸ್ವಾಮಿ, ಇನ್ನೂ ಹೇಳಿಲ್ಲ' ಅಂದ್ರು. ಮುಗಿದ್ಮೇಲೆ, 'ಸ್ವಾಮ್ಯೋರ್ಗೆ ಇನ್ನೊಂದ್ಸಲ ಫೋನ್ ಮಾಡು' ಅಂದ್ರು. ಮತ್ತೆ ಹಾಕ್ದೆ. ಮೂರು ಸಲ ಹಾಕಿದೀನಿ. ಮೂರು ಸಲನೂ ತಂಗಿ ಮಾತು ಬಂದಾಗ್ಲೇ ನೀವು ಮುಂದಕ್ಕೆ ಹೋಗ್ಬಿಡೋರು."

"ಆಮೇಲೆ?" ಎಂದೆ. ಕೇಳಬಾರದಿತ್ತು.

"ಆಮೇಲೆ ಫೋನು ನನ್ ಕೈಗೆ ಕೊಟ್ಬಿಟ್ರು ಸ್ವಾಮಿ. 'ಬುಡವ್ವ, ಅದನ್ನ ಮಾತ್ರ ಸ್ವಾಮ್ಯೋರು ಕೇಳಕ್ಕೇ ಒಪ್ತಿಲ್ಲ' ಅಂದ್ರು."