ಸ್ಲ್ಯಾಬ್ ದಿನ ವಿಜಯವಾಡಕ್ಕೆ ಹೋದದ್ದು

ಓದುವ ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ತರಗತಿ ಪಾಸಾದದ್ದು ನಲವತ್ತು ದಾಟಿದ ಮೇಲೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ, ಬೈಯಬೇಡಿ.

ರಾಯಚೂರು ಕಡೆಯಿಂದ ಗಾರೆ ಹೊರಲು ವಿಶಾಖಪಟ್ಟಣಕ್ಕೆ ಬಂದವನು ನಾನು. ಈಗ ಅದೇ ಊರಿನ ಮಧುರವಾಡದಲ್ಲಿ ನನ್ನದೇ ಕಂಪನಿ ಅಪಾರ್ಟ್‌ಮೆಂಟ್ ಕಟ್ಟುತ್ತದೆ. ವಿಜಯವಾಡದ ಒಂದು ವಿಶ್ವವಿದ್ಯಾಲಯದಲ್ಲಿ ಕಟ್ಟಡ ಕೆಲಸದವರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತೇನೆ. ಒಂದು ಪರೀಕ್ಷೆ ತಪ್ಪಿದರೂ ಅದು ನಿಲ್ಲುತ್ತದೆ ಎಂಬುದು ಅಲ್ಲಿಯವರ ನಿಯಮ. ನಾನೂ ಒಪ್ಪಿದ್ದೆ.

ಸ್ಲ್ಯಾಬಿಗೆ ಹಲಗೆ ಹೊಡೆಯುವ ನನ್ನ ಹಳೆಯ ಸೆಂಟ್ರಿಂಗ್ ಮೇಸ್ತ್ರಿಯ ಮಗಳು ಅಲ್ಲಿ ಸಿವಿಲ್ ಓದುತ್ತಿದ್ದಳು. ಮೇಸ್ತ್ರಿಗೆ ಬಾಯಿ ಜೋರು. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ಸುರಿದು ಮುಗಿಯುವ ತನಕ ನಾನು ಸೈಟು ಬಿಟ್ಟು ಕದಲುವುದಿಲ್ಲ. ಅದಕ್ಕೆ ಅವನು, "ಹೆಣ್ತಿ ಹೆರಿಗಿ ಇದ್ರೂ ನಮ್ಮ ಸಾವ್ಕಾರ ಸ್ಲ್ಯಾಬ್ ಮ್ಯಾಲಿಂದ ಇಳಿಯಂಗಿಲ್ಲ" ಎಂದು ಎಲ್ಲರನ್ನೂ ನಗಿಸುತ್ತಿದ್ದ.

ಹೋದ ವರ್ಷ ಒಂದು ಸ್ಲ್ಯಾಬಿನ ಹಿಂದಿನ ಸಂಜೆ, ಹಲಗೆ ಹೊಡೆದು ಮುಗಿಸಿ ಕೈಕಾಲು ತೊಳೆಯುವಾಗ ಎದೆ ಹಿಡಿದುಕೊಂಡು ಕುಳಿತ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ಮಗಳಿಗೆ ಫೋನ್ ಮಾಡಲು ಹೋದರೆ ಅವನ ಹೆಂಡತಿ ತಡೆದಳು.

"ಬ್ಯಾಡ್ರಿ ಅಣ್ಣಾರ. ನಾಳೆ ಅದರ ಪರೀಕ್ಷೆ ಐತಿ. ತಪ್ಪಿದ್ರ ನಿಮ್ಮ ರೊಕ್ಕ ನಿಲ್ತದಂತ. ಬರದ ಮ್ಯಾಲೆ ಹೇಳಿ ಕರ್ಕೊಂಡು ಬರ್ರಿ. ಮಣ್ಣು ಅಲ್ಲೀತನ ಕಾಯ್ತದ."

ನಾನು ಹೂಂ ಎಂದೆ.

ರಾತ್ರಿಯಿಡೀ ಕಾರು ಓಡಿಸಿ, ಮರುದಿನ ಬೆಳಗ್ಗೆ ಕಾಲೇಜಿನ ಎದುರಿನ ಚಹಾ ಅಂಗಡಿಯಲ್ಲಿ ಪರೀಕ್ಷೆ ಮುಗಿಯುವುದನ್ನು ಕಾಯುತ್ತ ಮರೆಯಾಗಿ ಕುಳಿತೆ. ಹುಡುಗಿ ಪೆನ್ನು ಕೊಳ್ಳಲು ಅಲ್ಲಿಗೇ ಬಂದಳು.

"ಮಾವಯ್ಯಾ, ನೀವಿಲ್ಲಿ?"

"ಗನ್ನವರಂ ಕಡೆ ಒಂದು ಜಾಗ ನೋಡೋದಿತ್ತವ್ವ. ನೀ ಹೋಗು, ಛಲೋ ಬರಿ."

ಅವಳು ಹೋಗಲಿಲ್ಲ. "ಇವತ್ತು ಸ್ಲ್ಯಾಬ್ ಅಂತ ಅಪ್ಪ ನಿನ್ನೆ ಫೋನಿನಾಗ ಅಂದ."

"ಮುಂದಕ್ಕ ಹಾಕೀವಿ. ಮಳಿ."

"ಮಳಿ ಬಂದ್ರ ತಾಡಪಾಲ ಹೊಚ್ಚಿ ಹಾಕ್ತೀರಿ. ಅಪ್ಪಗ ಏನಾಗೈತಿ?"

ದಾರಿಯುದ್ದಕ್ಕೂ ಸುಳ್ಳು ಕಟ್ಟಿಕೊಂಡು ಬಂದಿದ್ದೆ. ಸ್ಲ್ಯಾಬಿನ ನೆನಪೇ ಆಗಿರಲಿಲ್ಲ. ಅವಳೇ ಹೋಗಿ ಕಾರಿನಲ್ಲಿ ಕುಳಿತಳು. ಪರೀಕ್ಷೆ ಬರೆದು ಬಾ ಎಂದರೂ ಇಳಿಯಲಿಲ್ಲ.

ವಿಜಯವಾಡ ದಾಟಿದ ಮೇಲೆ ನಡೆದದ್ದನ್ನೂ ಅವಳವ್ವ ತಡೆದದ್ದನ್ನೂ ಹೇಳಿ, ಅಂದೆ: "ಸ್ಕಾಲರ್‌ಶಿಪ್ ನಿಲ್ಲಂಗಿಲ್ಲವ್ವ. ನಾ ಮಾತಾಡ್ತೀನಿ."

"ಅದನ್ನ ನಿನ್ನೆ ಅವ್ವಗ ಹೇಳಬೇಕಿತ್ತು, ಮಾವಯ್ಯಾ."

ಹೊತ್ತು ಮುಳುಗುವ ಮೊದಲೇ ನಾವು ಬಂದದ್ದು ನೋಡಿ, ಮಗಳು ಪರೀಕ್ಷೆ ಬರೆದಿಲ್ಲವೆಂದು ತಾಯಿಗೆ ತಿಳಿದುಹೋಯಿತು. ಹೆಣದ ಪಕ್ಕದಿಂದ ಎದ್ದು ಬಂದು ಮಗಳ ಬೆನ್ನಿಗೆ ಗುದ್ದಿದಳು. "ಬರದು ಬರಬೇಕಿಲ್ಲೇನ? ಅವ ಎಲ್ಲಿಗಿ ಓಡಿ ಹೊಂಟಿದ್ದ?" ಮಣ್ಣಾಗುವ ತನಕ ಅದನ್ನೇ ಹೇಳಿ ಅತ್ತಳು.

ಆಮೇಲೆ ಹೋಗಿ ಜಗಳವಾಡಿ ಆ ನಿಯಮ ತೆಗೆಸಿದೆ. ಹುಡುಗಿ ತಿರುಗಿ ಕಾಲೇಜಿಗೆ ಹೋಗಲಿಲ್ಲ. ಇಲ್ಲೇ ಹತ್ತಿರ ಪರವಾಡದ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಸೇರಿದ್ದಾಳೆ. ಕಂಪನಿ ಬಸ್ಸಿಗೆ ನಿಂತಾಗ ಒಮ್ಮೆ ಸಿಕ್ಕಳು. ಯಾಕವ್ವ ಎಂದು ಕೇಳಿದೆ.

"ಪರೀಕ್ಷಾ ಹಾಲಿನಾಗ ಕೂತ್ರ, ಹೊರಗ ನೀವು ಏನೋ ಸುದ್ದಿ ಮುಚ್ಚಿಟ್ಟು ಕೂತಿರ್ತೀರಿ ಅನಸ್ತದ."

ಬಸ್ಸು ಬಂತು, ಹತ್ತಿ ಹೋದಳು.

ಇಂಥ ಸುದ್ದಿ ಹೊತ್ತು ಯಾರದಾದರೂ ಮಕ್ಕಳ ಮುಂದೆ ನೀವೂ ನಿಂತಿದ್ದರೆ, ಹೇಳಿದಿರೋ ಮುಚ್ಚಿಟ್ಟಿರೋ, ಆಮೇಲೆ ಆ ಮಗು ಏನಾಯಿತು, ದಯವಿಟ್ಟು ಬರೆಯಿರಿ. ನಾನು ನಿಧಾನವಾಗಿಯಾದರೂ ಓದುತ್ತೇನೆ.