ಕರೆಯುವ ಅಣ್ಣ

ವೀರಣ್ಣ ಕಾಕಾ ಮಾತಾಡುವಾಗ ‘ಹಂಗಿದ್ರ’ ಎಂದು ತೋರುಬೆರಳು ಎತ್ತುತ್ತಿದ್ದರು, ಮಾತು ಮುಗಿಸಿ ಇಳಿಸುತ್ತಿದ್ದರು. “ಹಾಲು ಐತಿ; ಹಂಗಿದ್ರ ಚಾ ಐತಿ.” ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆ ಅವರದು. ತರ್ಕಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಒಂಟಿ ಜೀವ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪ್ಯೂಟರ್ ಕೊಂಡರು. ಇಂಟರ್ನೆಟ್ಟಿನ ಮಾಹಿತಿಯನ್ನು ಯಂತ್ರವೇ ಅರ್ಥ ಮಾಡಿಕೊಳ್ಳುವಂತೆ ಬರೆಯುವ ವಿದ್ಯೆಯ ಹುಚ್ಚು ಹಿಡಿಯಿತು. ಪ್ರಯೋಗಕ್ಕೆ ಸಿಕ್ಕಿದ್ದು ಓಣಿಯವರ ಬಳಗ. ಒಂದೊಂದು ಸಂಗತಿಗೂ ಮೂರೇ ಪದ: ‘ಬಸಮ್ಮ, ತಾಯಿ, ಗೌರಿ’. ಬಸಮ್ಮ ನನ್ನ ಅವ್ವ, ಗೌರಿ ಅಂದರೆ ನಾನು. ಅದರ ಪಕ್ಕದಲ್ಲೇ ನಿಯಮ: ಅಣ್ಣತಮ್ಮಂದಿರ ಮಕ್ಕಳು ಅಣ್ಣತಂಗಿಯರು.

“ನಿಯಮನೂ ಮಾಹಿತಿನ ನೋಡವ್ವಾ. ಯಂತ್ರದ ಹೊಟ್ಯಾಗ ಬಚ್ಚಿಟ್ರ ಯಾರು ತಿದ್ದಬೇಕು?” ಎನ್ನುತ್ತಿದ್ದರು ಕಾಕಾ.

ಸಂಬಂಧ ಬೆಳೆಸುವವರು ವರಸೆ ಕೂಡುತ್ತದೋ ಇಲ್ಲವೋ ಎಂದು ಅವರನ್ನೇ ಕೇಳತೊಡಗಿದರು.

ನನಗೆ ನೀಲಗುಂದದ ಮಂಜುನಾಥನ ಮೇಲೆ ಮನಸ್ಸಿತ್ತು. ಅಪ್ಪನಿಗೂ ಹುಡುಗ ಒಪ್ಪಿಗೆಯಾಗಿದ್ದ. ಯಂತ್ರ ಮಾತ್ರ ಅವನು ನನಗೆ ಅಣ್ಣನಾಗಬೇಕು ಎಂದಿತು. ಅವನ ತಂದೆಯನ್ನು ಅಪ್ಪ ಶಾಲೆಯ ದಿನಗಳಿಂದ ‘ಸಿದ್ದಣ್ಣ’ ಎನ್ನುತ್ತಿದ್ದರು. ಕಾಕಾ ಅದನ್ನೇ ನಂಬಿ, ಅಪ್ಪನ ಅಣ್ಣನೆಂದು ತುಂಬಿಸಿದ್ದರು. ಅಪ್ಪ ಕೈಕೊಡವಿದರು. “ಖರೇನ ಐತಿ. ಅಣ್ಣ ಅಂದ ಬಾಯಾಗ ಬೀಗ ಅನ್ನಾಕ ಬರ್ತೈತೇನು?”

“ಆ ಸಾಲು ಅಳಿಸಿಬಿಡ್ರಿ ಕಾಕಾ,” ಎಂದು ಗೋಗರೆದೆ.

“ಅಳಿಸಂಗಿಲ್ಲ. ನಿಮ್ಮಪ್ಪ ಅಣ್ಣ ಅಂದಿದ್ದು ಸುಳ್ಳಲ್ಲ.”

ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರುದಿನ ಅವರೇ ಬಂದು ಅಪ್ಪನ ಎದುರು ಕೂತರು.

“ಒಡಹುಟ್ಟಿದ ಅಣ್ಣನೋ, ಕರೆಯೋ ಅಣ್ಣನೋ?”

“ಕರೆಯೋ ಅಣ್ಣರಿ.”

ಕಾಕಾ ‘ಅಣ್ಣ’ನನ್ನು ಎರಡು ಮಾಡಿದರು. ಹೊಸ ನಿಯಮವನ್ನೂ ಸೇರಿಸಿದರು: ಕರೆಯುವ ಸಂಬಂಧದಿಂದ ಬೇರೆ ಸಂಬಂಧ ಹುಟ್ಟುವುದಿಲ್ಲ. ಕೂಡದು ಎಂದ ಯಂತ್ರವೇ ಕೂಡುತ್ತದೆ ಎಂದಾಗ ಅಪ್ಪನಿಗೆ ಬೇರೆ ದಾರಿ ಇರಲಿಲ್ಲ. ಮದುವೆಯ ದಿನವೂ “ಸಿದ್ದಣ್ಣ ಬೀಗ್ರೇ” ಎಂದು ತೊದಲಿದರು. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೆಲವು ವರ್ಷಗಳ ಮೇಲೆ ಕಾಕಾ ತೀರಿಕೊಂಡ ಸುದ್ದಿ ಬಂದಾಗ ಸಿಕ್ಕ ಬಸ್ಸು ಹತ್ತಿ ಕೊಟ್ಟೂರಿಗೆ ಬಂದೆ. ನಾವು ಯಾರೂ ಕಂಡಿರದ ಅವರ ಅಣ್ಣನ ಮಗನೊಬ್ಬ ರುದ್ರಭೂಮಿಯಲ್ಲಿ ಮುಂದೆ ನಿಂತು ಎಲ್ಲ ನಡೆಸುತ್ತಿದ್ದ. “ಮೊದಲು ಮನಿಯೋರು ಮಣ್ಣು ಹಾಕ್ರಿ,” ಎಂದವನು, ಮುಂದೆ ಬಂದ ನನ್ನನ್ನು ತಡೆದ.

“ನಿಮಗೇನಾಗಬೇಕ್ರಿ ಇವ್ರು?”

“ಕಾಕಾ.”

“ಸ್ವಂತ ಕಾಕಾನ?”

ಸುಳ್ಳು ಹೇಳಬಹುದಿತ್ತು. ಬಾಯಿ ಏಳಲಿಲ್ಲ.

“ಕರೆಯೋ ಕಾಕಾ,” ಎಂದೆ.

ಕಾಕಾ ತಾವೇ ಬರೆದ ನಿಯಮ. ಹಿಂದೆ ಹೋಗಿ ಊರವರ ಜೊತೆ ನಿಂತೆ. ಅಲ್ಲಿ ಅಳು ಬಂತು.