ನಾರುಬಟ್ಟೆಯ ಸುರುಳಿಯೊಳಗೆ ಹನ್ನೊಂದು ಪತ್ರ

ಗುರುವಾರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಲೆಸಿಯೆಲಿ ಆಕ್ಲೆಂಡಿನ ಮಾಂಗೆರೆಯ ಅಂಗಡಿಸಾಲಿನ ಎಟಿಎಂ ಮುಂದೆ ನಿಂತು ತನ್ನ ಮೂರನೆಯ ಕ್ರೆಡಿಟ್ ಕಾರ್ಡಿನಿಂದ ಎಂಟುನೂರು ಡಾಲರ್ ತೆಗೆಯುತ್ತಿದ್ದಳು. ಆ ಕಾರ್ಡು ದಿನಕ್ಕೆ ಅದಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಸೋಮವಾರದಿಂದ ದಿನವೂ ಬಂದಿದ್ದಳು, ಇದು ನಾಲ್ಕನೆಯ ಸಲ. ಇಪ್ಪತ್ತರ ನೋಟು ಬೇಕೋ ಐವತ್ತರದು ಬೇಕೋ ಎಂದು ಯಂತ್ರ ಕೇಳಿದಾಗ ಇಪ್ಪತ್ತರ ಗುಂಡಿಯನ್ನೇ ಒತ್ತಿದಳು. ಲಕೋಟೆ ದಪ್ಪಗಿರಬೇಕಿತ್ತು.

ಕೂಡಿಟ್ಟಿದ್ದ ಸಾವಿರದ ಎಂಟುನೂರಕ್ಕೆ ಕಾರ್ಡಿನ ಮೂರು ಸಾವಿರದ ಇನ್ನೂರು ಸೇರಿ ಐದು ಸಾವಿರವಾಯಿತು. ಎಲ್ಲವೂ ಇಪ್ಪತ್ತರದೇ, ಇನ್ನೂರೈವತ್ತು ನೋಟು. ಲಕೋಟೆಯ ಬಾಯಿ ಮುಚ್ಚಲಿಲ್ಲ. ರಬ್ಬರ್ ಬ್ಯಾಂಡ್ ಹಾಕಿದಳು.

ಆ ಭಾನುವಾರ ಮಿಸಿನಾಲೆ, ವರ್ಷಕ್ಕೊಮ್ಮೆ ಮನೆಮನೆಯೂ ಚರ್ಚಿಗೆ ಕಾಣಿಕೆ ಒಪ್ಪಿಸುವ ದಿನ. ನಮ್ಮ ಚರ್ಚಿನಲ್ಲಿ ಒಂದೊಂದೇ ಮನೆಯ ಹೆಸರು ಕೂಗುತ್ತಾರೆ. ಕೂಗಿದ ಮನೆಯವರೊಬ್ಬರು ಎದ್ದು ಹೋಗಿ, ಲಕೋಟೆಯನ್ನು ಮೇಜಿನ ಮೇಲಿಟ್ಟು, ಒಳಗೆ ಎಷ್ಟಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳಿದ ಅಂಕಿ ಮುಂದಿನ ಮಿಸಿನಾಲೆಯವರೆಗೆ ಆ ಮನೆಯ ಹೆಸರಿನ ಜೊತೆಯಲ್ಲೇ ಓಡಾಡುತ್ತಿರುತ್ತದೆ. ಮೇಜಿನ ಹಿಂದೆ ಪೆನ್ಸಿಲ್ ಹಿಡಿದು ಬರೆದುಕೊಳ್ಳುತ್ತಿದ್ದವಳು ಕಲೋಲೈನೆ, ಲೆಸಿಯೆಲಿಯ ಗಂಡ ಪೆನಿಯ ದೊಡ್ಡ ಅಕ್ಕ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ಮೇಲ್ವಿಚಾರಕಿಯಾಗಿದ್ದವಳು. ಒಂದು ದಿಂಬಿನ ಚೀಲ ಕಡಿಮೆಯಾದರೂ ಲೆಕ್ಕ ಮುಗಿಸದವಳು.

"ಐದು ಸಾವಿರ," ಎಂದಳು ಲೆಸಿಯೆಲಿ. ಧ್ವನಿ ಹಿಂದಿನ ಬೆಂಚಿನವರೆಗೂ ಹೋಯಿತು. ಹೆಂಗಸರು "ಮಾಲೋ, ಮಾಲೋ" ಎಂದು ಮೆಚ್ಚಿಕೊಂಡರು. ಕಲೋಲೈನೆ ಮಾತ್ರ ಕ್ಷಣಹೊತ್ತು ಪೆನ್ಸಿಲ್ ನಿಲ್ಲಿಸಿ, ತಲೆಯೆತ್ತಿ ನೋಡಿ, ಆಮೇಲೆ ಬರೆದುಕೊಂಡಳು.

ಸಂಜೆ ಕಾವಾ ಬೇರಿನ ಪಾನೀಯ ಕುಡಿಯುತ್ತಾ ಗಂಡಸರು ಸುತ್ತ ಕೂತಿದ್ದಾಗ ಪೆನಿ ಹೇಳಿದ್ದು ಅಡುಗೆಮನೆಯಲ್ಲಿದ್ದ ಅವಳಿಗೂ ಕೇಳಿಸಿತು: "ನನ್ನ ಹೆಂಡ್ತಿ ಇದಾಳಲ್ಲ, ದುಡ್ಡು ಹಿಡಿಯೋದ್ರಲ್ಲಿ ಬ್ಯಾಂಕಿನೋರಿಗೇ ಪಾಠ ಹೇಳ್ತಾಳೆ ಕಣ್ರೋ! ನನಗೆ ಹೊಸ ಬೂಟು ಕೊಡ್ಸು ಅಂದ್ರೆ ಆರು ತಿಂಗಳಿಂದ ಮುಂದಿನ ವಾರ, ಮುಂದಿನ ವಾರ ಅಂತಿದಾಳೆ. ಇವತ್ತು ಗೊತ್ತಾಯ್ತು ಯಾಕೆ ಅಂತ."

ಗಂಡಸರು ನಕ್ಕರು. ಲೆಸಿಯೆಲಿ ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ತೊಳೆದಳು.

ಅವಳು ಹುಟ್ಟಿದ್ದು ಟೋಂಗಾದ ಹಾಪೈ ದ್ವೀಪದಲ್ಲಿ, ಆಕ್ಲೆಂಡಿಗೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಇಪ್ಪತ್ತೆರಡು ವರ್ಷದಿಂದ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸ. ಚಮಚ, ಫೋರ್ಕು, ಚಾಕು, ಉಪ್ಪು ಮೆಣಸಿನ ಪೊಟ್ಟಣ ಒಟ್ಟಿಗಿಟ್ಟು ಕಾಗದದ ಕರವಸ್ತ್ರದಲ್ಲಿ ಸುತ್ತುವುದು. ನಿಮಿಷಕ್ಕೆ ಆರು ಸುರುಳಿ, ಗಂಟೆಗೆ ಮುನ್ನೂರ ಅರವತ್ತು. ಅವಳ ಸಾಲಿನಲ್ಲಿ ಅಷ್ಟು ಬೇಗ ಸುತ್ತುವವರು ಬೇರೆ ಇರಲಿಲ್ಲ. ಲೆಕ್ಕ ಬಾರದ ಹೆಂಗಸಲ್ಲ ಅವಳು. ಅದೇ ಅವಳನ್ನು ಒಳಗೊಳಗೇ ಹೆಚ್ಚು ಚುಚ್ಚುತ್ತಿದ್ದದ್ದು.

ಮೊದಲನೆಯ ಕಾರ್ಡು ಬಟ್ಟೆ ಒಗೆಯುವ ಯಂತ್ರ ಕೊಳ್ಳುವಾಗ ಬಂದದ್ದು. ಎರಡನೆಯದು ಚಂಡಮಾರುತದಲ್ಲಿ ತಮ್ಮನ ಮನೆಯ ಚಾವಣಿ ಹಾರಿಹೋದಾಗ. ತಾಯಿ ತೀರಿಕೊಂಡಾಗ ನಾಲ್ಕು ಜನರ ವಿಮಾನದ ಟಿಕೆಟ್ಟು ಎರಡೂ ಕಾರ್ಡುಗಳನ್ನು ತುಂಬಿಸಿತು. ಮೂರನೆಯದನ್ನು ಅವಳು ತಾನಾಗಿಯೇ ಕೇಳಿ ತರಿಸಿಕೊಂಡಳು, ಮೊದಲೆರಡರ ಕಂತು ಕಟ್ಟಲು. ಪೆನಿಗೆ ಗೊತ್ತಿದ್ದದ್ದು ಒಂದೇ ಕಾರ್ಡು, ಒಗೆಯುವ ಯಂತ್ರದ್ದು. ಅದೂ ತೀರಿಹೋಗಿದೆ ಎಂದು ಅವನು ನಂಬಿದ್ದ.

ಬ್ಯಾಂಕಿನ ಪತ್ರಗಳನ್ನು ಹರಿದು ಹಾಕಲು ಅವಳಿಗೆ ಧೈರ್ಯವಿರಲಿಲ್ಲ. ಹರಿದರೆ ಲೆಕ್ಕವೇ ಕೈತಪ್ಪಿಹೋದಂತೆ ಅನ್ನಿಸುತ್ತಿತ್ತು. ಮಂಚದ ಕೆಳಗೆ ಅವಳ ತಾಯಿ ಮರದ ತೊಗಟೆ ಬಡಿದು, ಕಂದು ಬಣ್ಣ ಬರೆದು ಮಾಡಿದ ನಾರುಬಟ್ಟೆಯ ಸುರುಳಿಯಿತ್ತು. ಬಿಡಿಸಿದರೆ ಎರಡು ಕೋಣೆಯುದ್ದ. ಅದನ್ನು ದಿನನಿತ್ಯ ಯಾರೂ ಮುಟ್ಟುವುದಿಲ್ಲ. ಪತ್ರ ಬಂದಾಗಲೆಲ್ಲ ಓದಿ, ಎರಡು ಮಡಿಕೆ ಮಾಡಿ, ಆ ಸುರುಳಿಯ ತುದಿಯಿಂದ ಮೊಣಕೈವರೆಗೆ ಕೈತೂರಿಸಿ ಒಳಗಿಡುತ್ತಿದ್ದಳು.

ನಾರುಬಟ್ಟೆ ಇರುವುದೇ ಸಾವು ಮದುವೆಗಳಲ್ಲಿ ಕೊಡುವುದಕ್ಕೆ. ಅದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಆ ದಿನ ಬಂದಾಗ ಮೊದಲು ಪತ್ರ ತೆಗೆದರಾಯಿತು ಎಂದುಕೊಂಡಿದ್ದಳು.

ಮಾರ್ಚ್ ತಿಂಗಳ ಒಂದು ಶುಕ್ರವಾರ ಪೆನಿಯ ದೊಡ್ಡಪ್ಪನ ಮಗ ಹೃದಯಾಘಾತದಿಂದ ತೀರಿಕೊಂಡ. ಲೆಸಿಯೆಲಿ ಕೆಲಸದಲ್ಲಿದ್ದಳು, ಅಲ್ಲಿ ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ಸುದ್ದಿ ತಿಳಿದದ್ದು ಕೆಲಸ ಮುಗಿದ ಮೇಲೆ. ಎರಡೂಕಾಲಿಗೆ ಮನೆಗೆ ಬಂದಾಗ ಮಂಚ ಪಕ್ಕಕ್ಕೆ ಸರಿದಿತ್ತು. ಅದರ ಕೆಳಗೆ ನೆಲದ ಮೇಲೆ ಸುರುಳಿಯಿದ್ದ ಜಾಗ ಮಾತ್ರ ಧೂಳಿಲ್ಲದೆ, ಮಲಗಿದ ಮನುಷ್ಯನಷ್ಟು ಉದ್ದಕ್ಕೆ ಹೊಳೆಯುತ್ತಿತ್ತು.

ಕಪ್ಪು ಬಟ್ಟೆ ಉಟ್ಟು, ನಮ್ಮ ಪದ್ಧತಿಯಂತೆ ಸೊಂಟಕ್ಕೆ ಚಾಪೆ ಸುತ್ತಿ ಚರ್ಚಿನ ಸಭಾಭವನಕ್ಕೆ ಓಡಿದಳು. ಸಾವಿನ ಮನೆಯಲ್ಲಿ ಮನೆತನದ ಹಿರಿಯ ಸಹೋದರಿಯೇ ನಮಗೆ ಎಲ್ಲರಿಗಿಂತ ದೊಡ್ಡವಳು. ಬಂದ ಚಾಪೆ, ನಾರುಬಟ್ಟೆಗಳಲ್ಲಿ ಒಳ್ಳೆಯದು ಅವಳ ಪಾಲು. ಕಲೋಲೈನೆ ಶವದ ತಲೆಯ ಬಳಿ ಕೂತಿದ್ದಳು. ಅವಳ ಹಿಂದೆ, ಬಿಚ್ಚದೆ, ಲೆಸಿಯೆಲಿಯ ತಾಯಿಯ ಸುರುಳಿ ಒರಗಿತ್ತು.

"ಎಲ್ಲಕ್ಕಿಂತ ಚೆನ್ನಾಗಿರೋದು ನಮ್ಮನೇದೇ," ಎಂದು ಪೆನಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ. ಅವನ ಕಣ್ಣು ಅತ್ತು ಕೆಂಪಾಗಿತ್ತು. "ನಿನ್ನನ್ನ ಕೇಳ್ದೆ ತಂದ್ಬಿಟ್ಟೆ. ಬೇಜಾರಿಲ್ಲ ತಾನೆ?"

"ಇಲ್ಲ," ಎಂದಳು. ಹಾಡು ಶುರುವಾಯಿತು. ಅವಳ ಬಾಯಿ ಹಾಡಿತು, ಕಣ್ಣು ಸುರುಳಿಯ ತುದಿಯಲ್ಲೇ ನೆಟ್ಟಿತ್ತು. ಬಿಳಿ ಕಾಗದದ ಅಂಚು ಕಾಣುತ್ತಿದೆ ಎಂದು ಎರಡು ಸಲ ಅನ್ನಿಸಿತು, ಎರಡು ಸಲವೂ ಅಲ್ಲ. ಸತ್ತವನಿಗಾಗಿ ತಾನು ಒಂದು ಹನಿಯನ್ನೂ ಸುರಿಸಲಿಲ್ಲ ಎಂಬುದು ಮಣ್ಣು ಮಾಡಿ ಬಂದ ಮೇಲೆ ನೆನಪಾಯಿತು. ಅದಕ್ಕೂ ನಾಚಿದಳು.

ಹನ್ನೆರಡು ದಿನ ಏನೂ ಆಗಲಿಲ್ಲ. ಹದಿಮೂರನೆಯ ದಿನ, ಪೆನಿ ಕೆಲಸಕ್ಕೆ ಹೋಗಿದ್ದಾಗ, ಕಲೋಲೈನೆ ಬಾಗಿಲು ತಟ್ಟಿದಳು. ಕೈಯಲ್ಲಿ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ. ಲೆಸಿಯೆಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಕೆಳಗೆ ಚಾಪೆಯ ಮೇಲೆ ಕೂತಳು.

"ಚಹಾ ಮಾಡ್ಲಾ ಅಕ್ಕ?"

"ಚಹಾ ಆಮೇಲೆ. ಬಟ್ಟೆ ಬಿಸಿಲಿಗೆ ಹಾಕಣ ಅಂತ ಬಿಡಿಸ್ದೆ. ನಿಮ್ಮಮ್ಮ ಬಡಿದಿದ್ದು ಅಂದ್ರೆ ಸುಮ್ನೇನಾ! ಹೂವು ಬರ್ದಿರ್ತಾರೆ, ಹಕ್ಕಿ ಬರ್ದಿರ್ತಾರೆ ಅನ್ಕೊಂಡೆ." ಚೀಲದಿಂದ ಪತ್ರಗಳನ್ನು ತೆಗೆದು ತೊಡೆಯ ಮೇಲಿಟ್ಟಳು. ತಾರೀಖಿನ ಪ್ರಕಾರ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿದ್ದಳು. "ಹನ್ನೊಂದು. ಸರಿಯಾ?"

ಲೆಸಿಯೆಲಿ ತಲೆಯೆತ್ತಲಿಲ್ಲ. ಕಿವಿ, ಕತ್ತು, ಅಂಗೈ ಕೂಡ ಬಿಸಿಯಾದವು.

"ಬಾಯಿ ಇಲ್ವಾ? ಚರ್ಚಲ್ಲಿ ಐದು ಸಾವಿರ ಅಂದಾಗ ಚೆನ್ನಾಗೇ ಇತ್ತಲ್ಲ ಗಂಟಲು."

"ಸರಿ ಅಕ್ಕ. ಹನ್ನೊಂದು."

"ಆ ವಾರ ಈ ಕಾರ್ಡಿಂದ ಎಂಟ್ನೂರು, ಎಂಟ್ನೂರು, ಎಂಟ್ನೂರು, ಎಂಟ್ನೂರು. ನೂರಕ್ಕೆ ಇಪ್ಪತ್ನಾಲ್ಕು ಬಡ್ಡಿ. ಮಿಸಿನಾಲೆ ದುಡ್ಡಿಗೇ ದಿನಕ್ಕೆ ಎರಡು ಡಾಲರ್ ಹತ್ತು ಸೆಂಟ್ಸು ಕಟ್ತಿದೀಯ. ದೇವರು ಕೇಳಿದ್ನಾ ನಿನ್ನ ಬಡ್ಡಿ?"

"ಮನೆ ಹೆಸರು ಅಂತ..."

"ಯಾರ ಮನೆ ಹೆಸರು? ನನ್ನಪ್ಪನ ಮನೆ ಹೆಸರು ಅದು. ನಾನು ಕೇಳಿದ್ನಾ?"

 ಲೆಸಿಯೆಲಿ ಕೇಳಿದಳು, "ಇವರಿಗೆ ಹೇಳ್ತೀರಾ?"

"ನಾನು ಹೇಗೆ ಹೇಳ್ಲಿ?" ಅಕ್ಕ ತಮ್ಮ ಎದುರೆದುರು ಕೂತು ಇಂಥ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ, ಒಂದೇ ಕೋಣೆಯಲ್ಲಿ ಟಿವಿ ಕೂಡ ನೋಡುವುದಿಲ್ಲ. "ನೀನೇ ಹೇಳ್ಬೇಕು. ಭಾನುವಾರದೊಳಗೆ. ಇಲ್ಲಾಂದ್ರೆ ಇದನ್ನ ಮತ್ತೆ ಆ ಬಟ್ಟೇಲೇ ಸುತ್ತಿ ನಿನ್ನ ಗಂಡನ ಕೈಲೇ ಕಳಿಸ್ತೀನಿ. ಎಷ್ಟು ಒಟ್ಟು?"

"ಕೂಡಿಸಿಲ್ಲ ಅಕ್ಕ."

"ಸುಳ್ಳು. ನೀನು ಕೂಡಿಸಿರ್ತೀಯ. ದಿನಾ ಕೂಡಿಸಿರ್ತೀಯ. ನೋಡು, ಮುಚ್ಚಿಟ್ಕೊಂಡ ಅಂಕಿ ಬೆಳೀತಾ ಹೋಗುತ್ತೆ. ಬಾಯಿಬಿಟ್ಟು ಹೇಳಿದ್ದು ಇದ್ದಷ್ಟೇ ಇರುತ್ತೆ." ಎದ್ದು ಪತ್ರಗಳ ಕಟ್ಟನ್ನು ಮೇಜಿನ ಮೇಲಿಟ್ಟಳು. "ಯಾರಿಗೂ ಹೇಳಿಲ್ಲ ನಾನು. ನನ್ನ ಮಗಳಿಗೂ ಇಲ್ಲ. ಈಗ ಚಹಾ ಮಾಡು."

ಶುಕ್ರವಾರ ನಾಲ್ಕೂವರೆಗೆ ಲೆಸಿಯೆಲಿ, ಪೆನಿ ಕೆಲಸ ಮಾಡುವ ಸರಕು ಗೋದಾಮಿನ ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು ಕಾದಳು. ಪೆನಿ ಬಂದು ಕೂತ. ಅವನ ಬೂಟು ಬಾಯಿಬಿಟ್ಟಿತ್ತು, ಸುತ್ತ ಬೆಳ್ಳಿ ಬಣ್ಣದ ಟೇಪು ಹಾಕಿದ್ದ.

"ಏನೇ, ಇವತ್ತು ಡ್ರೈವರು ನೀನೇನಾ? ಯಾರ ಮದುವೆ?"

ಅವಳು ಪತ್ರದ ಕಟ್ಟನ್ನು ಅವನ ತೊಡೆಯ ಮೇಲಿಟ್ಟಳು. ಅವನು ಮೊದಲನೆಯದನ್ನು ಓದಿದ, ಎರಡನೆಯದನ್ನು ಓದಿದ. ನಗೆ ನಿಂತಿತು, ಬಾಯಿ ಮಾತ್ರ ಹಾಗೇ ತೆರೆದಿತ್ತು.

"ಒಟ್ಟು ಎಷ್ಟು ಲೆಸಿ?"

ಅವಳು ಸ್ಟೇರಿಂಗ್ ಮೇಲೆ ಬೆರಳಿನಿಂದ ಬರೆದು ತೋರಿಸಲು ಹೋದಳು.

"ಹೇಳು. ಬರೀಬೇಡ, ಹೇಳು."

"ಇಪ್ಪತ್ತಮೂರು ಸಾವಿರದ ನಾನೂರು."

ಗೋದಾಮಿನಿಂದ ಒಬ್ಬೊಬ್ಬರೇ ಹೊರಬರುತ್ತಿದ್ದರು. ಯಾರೋ ಕಾರಿನ ಚಾವಣಿ ತಟ್ಟಿ "ನಾಳೆ ಸಿಗ್ತೀನಪ್ಪಾ" ಎಂದು ಹೋದರು. ಪೆನಿ ಕೈಯೆತ್ತಿ ನಕ್ಕ. ಅವರು ಮರೆಯಾದ ಮೇಲೆ ಮೆಲ್ಲಗೆ ಹೇಳಿದ:

"ಎಲ್ಲರ ಮುಂದೆ ಎದೆ ಉಬ್ಬಿಸ್ಕೊಂಡು ಕೂತಿದ್ದೆನಲ್ಲೇ ನಾನು. ಬ್ಯಾಂಕಿನೋರಿಗೆ ಪಾಠ ಹೇಳ್ತಾಳೆ ಅಂದೆ. ಅವಾಗಾದ್ರೂ ಒಂದ್ಮಾತು ಹೇಳ್ಬಾರ್ದಿತ್ತಾ?"

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ಟೇಪು ಸುತ್ತಿದ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡೇ ಕೂತಿದ್ದ, ಅದು ಅವಳ ಕಣ್ಣಿಗೆ ಬೀಳಬಾರದು ಎನ್ನುವಂತೆ.

ಸಾಲದ ಸಲಹೆಯನ್ನು ಪುಕ್ಕಟೆ ಕೊಡುವ ಕಚೇರಿಯೊಂದು ಗ್ರಂಥಾಲಯದ ಹಿಂದೆ ಇತ್ತು. "ಟೋಂಗಾದವರು ಬೇಡ, ಬೇರೆ ಯಾರಾದ್ರೂ ಆಗ್ಬಹುದಾ?" ಎಂದು ಲೆಸಿಯೆಲಿ ಫೋನಿನಲ್ಲೇ ಕೇಳಿದ್ದಳು. ಸಿಕ್ಕವಳು ಫಿಜಿಯ ವಾಸಿತಿ, ದಪ್ಪ ಕನ್ನಡಕದ ಹೆಂಗಸು. ವಾಸಿತಿ ಬ್ಯಾಂಕುಗಳಿಗೆ ಫೋನು ಮಾಡಿದಳು, ಅರ್ಜಿ ಬರೆಸಿದಳು, ಐದು ವಾರ ಬೆನ್ನು ಹತ್ತಿದಳು. ಕೊನೆಗೆ ಮೂರು ಕಾರ್ಡುಗಳೂ ಮುಚ್ಚಿದವು, ಬಡ್ಡಿ ನಿಂತಿತು, ವಾರಕ್ಕೆ ತೊಂಬತ್ತು ಡಾಲರಿನಂತೆ ಇನ್ನೂರ ಅರವತ್ತು ವಾರ ಕಟ್ಟುವುದೆಂದಾಯಿತು. ಐದು ವರ್ಷ.

ಆಮೇಲೆ ಉದ್ದನೆಯ ಹಾಳೆಯಲ್ಲಿ ಮನೆಯ ಖರ್ಚು ಬರೆಯತೊಡಗಿದಳು. ಬಾಡಿಗೆ, ಕರೆಂಟು, ಪೆಟ್ರೋಲು, ಊಟ, ಬೂಟು. ಬೂಟು ಎಂದು ಬರೆಯಿಸಿದವಳು ಲೆಸಿಯೆಲಿಯೇ.

"ಚರ್ಚು?" ಎಂದಳು ವಾಸಿತಿ.

"ಸೊನ್ನೆ ಹಾಕಿ."

"ಸೊನ್ನೆ ಹಾಕಿದ್ರೆ ಮತ್ತೆ ಕದ್ದು ಕೊಡ್ತೀರಿ. ನಮ್ಮ ಫಿಜಿಯೋರೂ ಹಾಗೇನೇ, ನಾನೂ ಹಾಗೇ ಇದ್ದೋಳು. ತಿಂಗಳಿಗೆ ಇಪ್ಪತ್ತೈದು ಬರೀತೀನಿ. ವರ್ಷಕ್ಕೆ ಮುನ್ನೂರು. ಅದಕ್ಕಿಂತ ಒಂದು ಸೆಂಟೂ ಹೆಚ್ಚಿಲ್ಲ. ಆಗ್ಬಹುದಾ?"

ಆ ಎರಡಂಕಿಯಿಂದ ಲೆಸಿಯೆಲಿ ಮುಖ ತಿರುಗಿಸಿಕೊಂಡಳು. ಸಾಲದ ಮೊತ್ತ ನೋಡಿದಾಗಲೂ ಹಾಗೆ ಮಾಡಿರಲಿಲ್ಲ.

ನವೆಂಬರ್ ಬಂತು. ಮಿಸಿನಾಲೆಯ ಬೆಳಿಗ್ಗೆ ಪೆನಿ ಹೊಸ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತ. "ಲಕೋಟೆ ಕೊಡು. ಈ ಸಲ ನಾನು ಹೋಗಿ ಹೇಳ್ತೀನಿ."

"ಬೇಡ. ಐದು ಸಾವಿರ ಅಂದೋಳು ನಾನು."

ಲಕೋಟೆಯಲ್ಲಿ ಇಪ್ಪತ್ತರ ಹದಿನೈದು ನೋಟು. ಬಾಯಿ ಸಲೀಸಾಗಿ ಮುಚ್ಚಿ ಅಂಟಿಕೊಂಡಿತ್ತು. ಅಕ್ಕಪಕ್ಕದ ಮನೆಗಳವರು ಹೋಗಿ ಬಂದರು: ಎರಡು ಸಾವಿರ, ನಾಲ್ಕು ಸಾವಿರದ ಐನೂರು, ಮೂರು ಸಾವಿರ. ಲೆಸಿಯೆಲಿಯ ಮನೆಯ ಹೆಸರು ಕೂಗಿದಾಗ ಹಿಂದಿನ ಬೆಂಚಿನ ಹೆಂಗಸರು ಕತ್ತು ಚಾಚಿ ಕೂತದ್ದು ಅವಳಿಗೆ ನೋಡದೆಯೇ ಗೊತ್ತಾಯಿತು. ಹದಿನಾಲ್ಕು ಹೆಜ್ಜೆ. ಲಕೋಟೆ ಇಟ್ಟಾಗ ಮೇಜಿನ ಮೇಲೆ ಸದ್ದೇ ಆಗಲಿಲ್ಲ.

ಅವಳು ತುಟಿ ಆಡಿಸಿದಳು. ತನ್ನ ಧ್ವನಿ ತನಗೇ ಅರ್ಧ ಕೇಳಿತು.

ಮೇಜಿನ ಹಿಂದೆ ಕಲೋಲೈನೆ ಪೆನ್ಸಿಲ್ ಊರಿ ಕೂತಿದ್ದಳು. ಅಷ್ಟು ಹತ್ತಿರ ಕೂತವಳಿಗೆ ಕೇಳದೆ ಇರಲಿಲ್ಲ. ಆದರೂ ಬರೆಯಲಿಲ್ಲ. ಕನ್ನಡಕದ ಮೇಲಿಂದ ನೇರವಾಗಿ ನೋಡಿದಳು.

"ಮೆಲ್ಲಗೆ ಹೇಳಿದ್ದನ್ನ ನಾನು ಬರೆಯಲ್ಲ ಲೆಸಿಯೆಲಿ. ಇನ್ನೊಂದ್ಸಲ."

ಹಿಂದೆ ಯಾರೋ ಕೆಮ್ಮಿದರು. ಕಿವಿ, ಕತ್ತು, ಅಂಗೈ ಮತ್ತೆ ಬಿಸಿಯಾದವು. ಲೆಸಿಯೆಲಿ ಉಸಿರೆಳೆದುಕೊಂಡು, ಹಿಂದಿನ ಬೆಂಚಿನವರೆಗೂ ಕೇಳುವಂತೆ ಹೇಳಿದಳು:

"ಮುನ್ನೂರು."